ವಾರಕ್ಕೆ 150 ರೂಪಾಯಿ ಫೀ: ಬ್ಯಾಡಗಿಯಲ್ಲಿ ನಾನು ಕಂಪ್ಯೂಟರ್ ಕಲಿಸಿದ ಬಗೆ

ವಾರಕ್ಕೆ 150 ರೂಪಾಯಿ ತಗೊಂಡು ಕಂಪ್ಯೂಟರ್ ಕ್ಲಾಸ್ ನಡೆಸಿದರೆ ಬಾಡಿಗೆಯೂ ಹುಟ್ಟುವುದಿಲ್ಲ ಅಂತ ಹಾವೇರಿ, ರಾಣೆಬೆನ್ನೂರು ಕಡೆಯ ಸೆಂಟರ್‌ನವರೆಲ್ಲ ನನಗೆ ಹೇಳಿದ್ದರು. ಕೆಲವು ಮೆಣಸಿನಕಾಯಿ ಸೀಸನ್ ದಾಟಿವೆ. ಬಾಡಿಗೆ ಹುಟ್ಟುತ್ತಿದೆ, ಯಂತ್ರಗಳ ಸಾಲ ತೀರಿದೆ, ಕಲಿತವರು ಕೆಲಸದಲ್ಲಿದ್ದಾರೆ. ಬೇಡ ಅಂದವರಲ್ಲೇ ಒಬ್ಬರು ಈಗ ವಾರದ ಫೀ ಶುರು ಮಾಡಿದ್ದಾರೆ. ಹೀಗಾಗಿ ಸೆಂಟರ್ ನಡೆಸುವ ಬೇರೆಯವರಿಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮೂರಿನ ದಲಾಲಿ ಅಂಗಡಿಗಳಲ್ಲಿ ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖಾತೆ ಎಲ್ಲ ಕೈಬರಹದಲ್ಲೇ ನಡೆಯುತ್ತಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಆಟವೇ ಬದಲಾಯಿತು. ತಿಂಗಳ ರಿಟರ್ನ್ ಇರುವವರು 11ನೇ ತಾರೀಖಿಗೆ ಒಂದು, 20ಕ್ಕೆ ಇನ್ನೊಂದು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. 50,000 ದಾಟಿದ ಮಾಲು ಹೊರಗೆ ಹೊರಟರೆ ಇ-ವೇ ಬಿಲ್ (ಆನ್‌ಲೈನ್ ಸಾಗಣೆ ಚೀಟಿ) ಬೇಕು. ಇಪ್ಪತ್ತು ವರ್ಷ ಲೆಕ್ಕ ಬರೆದ ಗುಮಾಸ್ತರು ಮೂಲೆಗೆ ಸರಿದರು. ಇತ್ತ ಬಿ.ಕಾಂ ಮುಗಿಸಿದ ಹುಡುಗಿಯರಿಗೆ ಸರ್ಟಿಫಿಕೇಟ್ ಇದೆ, ಆದರೆ ಕಂಪ್ಯೂಟರ್‌ನಲ್ಲಿ ಒಂದು ಪರ್ಚೇಸ್ ವೋಚರ್ (ಖರೀದಿಯ ಎಂಟ್ರಿ) ಹಾಕಲು ಬರುವುದಿಲ್ಲ. ಕಲಿಯಬೇಕಾದವರು ಇಬ್ಬರೂ, ಕೈಯಲ್ಲಿ ದುಡ್ಡಿಲ್ಲದವರೂ ಇಬ್ಬರೂ.

ಮೊದಲು ಎಲ್ಲರಂತೆ ಮೂರು ತಿಂಗಳ ಕೋರ್ಸ್ ಇಟ್ಟೆ. ಫೀ 5,000, ಮುಂಗಡ. ವಿಚಾರಿಸಲು ಬಂದವರು ಎಷ್ಟೋ ಜನ, ಸೇರಿದವರು ಬೆರಳೆಣಿಕೆ. ಎರಡು ಕಂತು ಮಾಡಿದೆ. ಮೊದಲ ಕಂತು ಬಂತು, ಎರಡನೆಯದರ ಹೊತ್ತಿಗೆ ವಿದ್ಯಾರ್ಥಿಯೇ ಬರಲಿಲ್ಲ. ಬಾಕಿ ಇದೆ ಅನ್ನುವ ಸಂಕೋಚಕ್ಕೇ ಬಿಟ್ಟುಬಿಡುತ್ತಾರೆ ರೀ, ಕಲಿಯುವ ಮನಸ್ಸಿಲ್ಲದೆ ಅಲ್ಲ. ಆಮೇಲೆ ಒಬ್ಬ ವ್ಯಾಪಾರಿಯ ನೆರವಿನಿಂದ ಪೂರ್ತಿ ಉಚಿತ ಬ್ಯಾಚ್ ಮಾಡಿದೆ. ಮೊದಲ ವಾರ ಕುರ್ಚಿ ಸಾಲಲಿಲ್ಲ, ಮೂರನೇ ವಾರಕ್ಕೆ ಅರ್ಧ ಖಾಲಿ. ಆ ವರ್ಷ ಕೈಯಿಂದ ಸುಮಾರು 40,000 ಹೋಯಿತು.

ಕೂಲಿ, ಸಂಬಳ ವಾರಕ್ಕೊಮ್ಮೆ ಸಿಗುವ ಊರು ಇದು. ಫೀಯೂ ವಾರಕ್ಕೊಮ್ಮೆಯೇ ಇರಲಿ ಅಂತ 150 ಇಟ್ಟೆ. ಬಂದ ವಾರ ಕೊಡಿ, ಬರದ ವಾರ ಬೇಡ. ಬಾಕಿ ಅನ್ನುವ ಪದವೇ ನನ್ನ ಪುಸ್ತಕದಲ್ಲಿಲ್ಲ. ಮನೆಯಲ್ಲಿ ಕಾಯಿಲೆ ಬಿದ್ದು ತಿಂಗಳು ಬಿಟ್ಟವರೂ ತಲೆ ಎತ್ತಿಕೊಂಡು ವಾಪಸ್ ಬರುತ್ತಾರೆ. ಇಷ್ಟೇ ಬದಲಾವಣೆಗೆ ಹಾಜರಿ ಎರಡು ಪಟ್ಟಾಯಿತು. ಇನ್ನೊಂದು ಮಾತು: ಸೋಮವಾರ, ಗುರುವಾರ ನಮ್ಮಲ್ಲಿ ಮೆಣಸಿನಕಾಯಿ ಮಾರಾಟದ ಟೆಂಡರ್ ದಿನ. ಅವತ್ತು ಗುಮಾಸ್ತರು ರಾತ್ರಿ ಎಷ್ಟು ಹೊತ್ತಿಗೆ ಬಿಡುವಾಗುತ್ತಾರೋ ದೇವರಿಗೇ ಗೊತ್ತು. ಆ ಎರಡು ಸಂಜೆ ಬಾಗಿಲು ಹಾಕಿದೆ. ನಿಮ್ಮೂರಿನ ಸಂತೆ ದಿನ ನೋಡಿಕೊಂಡು ಬ್ಯಾಚ್ ಇಡಿ.

ಕಲಿಸುವ ರೀತಿಯೂ ಬೇರೆ. ಪುಸ್ತಕದ ಎಬಿಸಿ ಕಂಪನಿ ನನ್ನ ಕ್ಲಾಸಿನಲ್ಲಿ ಇಲ್ಲ. ಅಂಗಡಿಗಳಿಂದ ಹಳೆ ಬಿಲ್, ಪಟ್ಟಿ ತಂದು, ಹೆಸರು ಮುಚ್ಚಿ ಜೆರಾಕ್ಸ್ ಮಾಡಿಸುತ್ತೇನೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಎಜುಕೇಶನಲ್ ಮೋಡ್ (ಲೈಸೆನ್ಸ್ ಇಲ್ಲದೆ ಕಲಿಯಲು ಇರುವುದು) 1, 2, 31ನೇ ತಾರೀಖು ಬಿಟ್ಟು ಬೇರೆ ದಿನದ ಎಂಟ್ರಿ ತಗೊಳ್ಳುವುದಿಲ್ಲ, ನಿಮಗೂ ಗೊತ್ತು. ಅದಕ್ಕೆ ಜೆರಾಕ್ಸ್‌ನಲ್ಲೇ ತಾರೀಖು ತಿದ್ದಿರುತ್ತೇನೆ. ಲೈಸೆನ್ಸ್ ಇಪ್ಪತ್ತು ಸಾವಿರ ದಾಟುತ್ತದೆ, ಒಂದೇ ಯಂತ್ರಕ್ಕೆ ಕೊಂಡಿದ್ದೇನೆ. ಸ್ಟಾಕ್ ಐಟಂ ಅಂದರೆ ನಮ್ಮ ಮೆಣಸಿನಕಾಯಿ ಬಗೆಗಳೇ: ಡಬ್ಬಿ, ಕಡ್ಡಿ, ಗುಂಟೂರು. ಹಮಾಲಿ ಕೂಲಿ ಯಾವ ಲೆಡ್ಜರ್‌ಗೆ (ಖಾತೆಗೆ) ಹೋಗಬೇಕು ಅನ್ನುವುದರ ಮೇಲೆ ಒಂದು ಸಂಜೆಯೇ ಜಗಳ ಆಗುತ್ತದೆ, ಆ ಜಗಳದಲ್ಲೇ ಪಾಠ ಮುಗಿಯುತ್ತದೆ. ಹತ್ತಿ ವ್ಯಾಪಾರದ ಕಡೆ ಹೋಗುವವರಿಗೆ ರಿವರ್ಸ್ ಚಾರ್ಜ್ ಬೇರೆ ಮಾಡಿಸುತ್ತೇನೆ. ರೈತನಿಂದ ಹತ್ತಿ ಕೊಂಡ ನೋಂದಾಯಿತ ವ್ಯಾಪಾರಿ ತೆರಿಗೆ ತಾನೇ ಕಟ್ಟಬೇಕಲ್ವಾ, ಅಲ್ಲಿ ಎಡವುವವರು ಜಾಸ್ತಿ.

ಐವತ್ತು ದಾಟಿದ ಗುಮಾಸ್ತರೊಬ್ಬರು ಮೌಸ್ ಹಿಡಿಯಲೂ ಹೆದರುತ್ತಿದ್ದರು. ಅವರಿಗೆ ಮೌಸ್ ಕೊಡಲೇ ಇಲ್ಲ. ಟ್ಯಾಲಿಗೆ ಕೀಬೋರ್ಡ್ ಸಾಕು. ಡೇ ಬುಕ್ ತೆರೆದು ತೋರಿಸಿದಾಗ, ‘ಸರ್, ಇದು ನಮ್ಮ ಕಿರ್ದಿನೇ ಅಲ್ಲೇನ್ರೀ?’ ಅಂದರು. ಅಲ್ಲಿಂದ ಅವರನ್ನು ಹಿಡಿಯುವವರಿಲ್ಲ. ಜಮಾ-ಖರ್ಚಿನ ವಿಷಯದಲ್ಲಿ ಬಿ.ಕಾಂ ಹುಡುಗಿಯರಿಗೆ ಅವರೇ ಹೇಳಿಕೊಡುತ್ತಾರೆ, ಟೈಪಿಂಗ್ ಆ ಹುಡುಗಿಯರಿಂದ ಇವರು ಕಲಿಯುತ್ತಾರೆ. ಹಳಬರು ಹೊಸಬರನ್ನು ಒಂದೇ ಬೆಂಚಿಗೆ ಕೂರಿಸಿದ್ದು ನನ್ನ ದೊಡ್ಡ ಗೆಲುವು. ಬಿಲ್‌ಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ, ಅಂಗಡಿ ಮಾಲೀಕರನ್ನು ಕ್ಲಾಸಿಗೆ ಹೇಗೆ ಕರೆಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನದ ಗುಟ್ಟು.

ಇನ್ನು ಯಂತ್ರ. ಮೊದಲಿನ ದೊಡ್ಡ ಡೆಸ್ಕ್‌ಟಾಪ್‌ಗಳಿಗೆ ಒಂದೊಂದು ಯುಪಿಎಸ್ ಇತ್ತು, ಕರೆಂಟ್ ಆಟಕ್ಕೆ ಅವುಗಳ ಬ್ಯಾಟರಿ ವರ್ಷ ತಡೆಯಲಿಲ್ಲ. ಎಲ್ಲ ಮಾರಿ, ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್‌ಪಿ ರೋಡಿನಿಂದ, ಕಂಪನಿಗಳು ಬಳಸಿ ಬಿಟ್ಟ ಮಿನಿ ಪಿಸಿ (ಪುಟ್ಟ ಕಂಪ್ಯೂಟರ್) ತಂದೆ. ಆರನೇ ಪೀಳಿಗೆಯ ಐ5 ಪ್ರೊಸೆಸರ್, ಎಸ್‌ಎಸ್‌ಡಿ ಡಿಸ್ಕ್ ಸೇರಿ ಒಂದಕ್ಕೆ 8-9 ಸಾವಿರ. ಹಳೆ ಮಾನಿಟರ್ 2,000. ಎಂಟು ಸೆಟ್‌ಗೆ 85,000 ಆಸುಪಾಸು. ಯಂತ್ರ, ಮಾನಿಟರ್ ಸೇರಿ ಎಳೆಯುವುದು 45-50 ವ್ಯಾಟ್ ಅಷ್ಟೇ. 150 ಎಎಚ್ ಬ್ಯಾಟರಿಯ ಒಂದೇ ಇನ್ವರ್ಟರ್ ಎಂಟನ್ನೂ ಎರಡೂವರೆ ಗಂಟೆ ಎಳೆಯುತ್ತದೆ.

ತಿಂಗಳಿಗೆ ನಲವತ್ತು ಜನ ಇದ್ದರೆ 24,000 ಬರುತ್ತದೆ. ಬಾಡಿಗೆ 4,500, ಕರೆಂಟ್-ನೆಟ್ ಸೇರಿ 2,300, ಸಹಾಯಕಿಗೆ 6,000. ನನಗೆ ಹನ್ನೊಂದು ಸಾವಿರ ಉಳಿಯುತ್ತದೆ. ಮಳೆಗಾಲದಲ್ಲಿ ಕಡಿಮೆ. ಹಗಲು ಡಿಟಿಪಿ (ಟೈಪಿಂಗ್, ಪುಟ ವಿನ್ಯಾಸ) ಕೆಲಸ ಇರುವುದರಿಂದ ನಡೆಯುತ್ತದೆ. ಕಳೆದ ಸೀಸನ್‌ನಲ್ಲಿ ಇಪ್ಪತ್ತು-ಇಪ್ಪತ್ತೈದು ಜನ ಕೆಲಸಕ್ಕೆ ಹೋದರು. ಎಂಟು ಸಾವಿರ ಇದ್ದವರ ಸಂಬಳ ಹನ್ನೆರಡು ಆಗಿದ್ದೂ ಇದೆ.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಮೊಬೈಲ್‌ಗೆ ಓಟಿಜಿ ಕೀಬೋರ್ಡ್ (ಚಾರ್ಜಿಂಗ್ ತೂತಿಗೆ ಹಾಕುವುದು) ಚುಚ್ಚಿ ಮನೆಯಲ್ಲಿ ಟೈಪಿಂಗ್ ಮಾಡಿಸಿದೆ, ಅದು ಚೆನ್ನಾಗಿ ಆಯಿತು. ಅದೇ ಮೊಬೈಲ್‌ನಲ್ಲಿ ಎಕ್ಸೆಲ್ ಆಗಲಿಲ್ಲ, ಹತ್ತು ಕಾಲಂ ದಾಟಿದರೆ ಕಣ್ಣು ಸೋಲುತ್ತದೆ. ಎರಡು ಯಂತ್ರಕ್ಕೆ ವಿಂಡೋಸ್, ಎಂಎಸ್ ಆಫೀಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್, ಲಿಬ್ರೆ ಆಫೀಸ್ ಹಾಕಿದ್ದೇನೆ. ಕನ್ನಡ ಟೈಪಿಂಗ್‌ನ ಕಗಪ ಕೀಲಿಮಣೆ ಅದರಲ್ಲೇ ಇದೆ, ನುಡಿ ತಂತ್ರಾಂಶ ಬಲ್ಲವರಿಗೆ ಬೆರಳು ತಪ್ಪುವುದಿಲ್ಲ. ಚಾಟ್‌ಜಿಪಿಟಿಯನ್ನೂ ಕನ್ನಡದಲ್ಲೇ ಕೇಳಿಸುತ್ತಿದ್ದೇನೆ. ಎಕ್ಸೆಲ್ ಸೂತ್ರ ಥಟ್ಟನೆ ಕೊಡುತ್ತದೆ. ಆದರೆ ಜಿಎಸ್‌ಟಿ ಪ್ರಶ್ನೆಗೆ ತಪ್ಪು ಉತ್ತರವನ್ನೂ ಅಷ್ಟೇ ಧೈರ್ಯವಾಗಿ ಕೊಡುತ್ತದೆ. ಆ ತಪ್ಪನ್ನು ಮೊದಲು ಹಿಡಿದವರು ನಮ್ಮ ಗುಮಾಸ್ತರೇ. ಲೆಕ್ಕ ಗೊತ್ತಿದ್ದವರ ಕೈಗೆ ಮಾತ್ರ ಇದನ್ನು ಕೊಡಿ, ಹೊಸಬರಿಗೆ ಈಗಲೇ ಬೇಡ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ. ಮೈಕ್ರೋಸಾಫ್ಟ್ ಪ್ರಕಾರ ವಿಂಡೋಸ್ 11 ಆರನೇ ಪೀಳಿಗೆಗೆ ಇಲ್ಲ, ಹಾಗಾಗಿ ಟ್ಯಾಲಿ ಸಾಲಿನ ಯಂತ್ರಗಳನ್ನು ಎಂಟನೇ ಪೀಳಿಗೆಗೆ ಏರಿಸಲೇಬೇಕು. ಈಗ 13-14 ಸಾವಿರ ಹೇಳುತ್ತಿದ್ದಾರೆ. ಒಟ್ಟಿಗೆ ಹತ್ತು ಕೊಂಡರೆ ಹನ್ನೊಂದಕ್ಕೆ ಇಳಿಸುತ್ತಾರೆ. ಹೊಸ ಮೆಣಸಿನಕಾಯಿ ಬರುವ ಮುಂಚೆ ಯಾರಾದರೂ ಸೆಂಟರ್‌ನವರು ಪಾಲಿಗೆ ಬರುವುದಾದರೆ ಹೇಳಿ, ಗಾಡಿ ಬಾಡಿಗೆಯೂ ಹಂಚಿಕೊಳ್ಳಬಹುದು.