ಉತ್ತೇಜಕ ಪಡೆದ ಇಲಿಯ ಚಲನವಲನ ಎಣಿಸುವುದು ಹೇಗೆ?

ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಯಿಂದ ಬರುವ ಪ್ರಾಣಿಶಾಸ್ತ್ರದ ಮಕ್ಕಳಿಗೆ ಪ್ರತಿ ವರ್ಷವೂ ಒಂದು ವಿಡಿಯೊ ತೋರಿಸುತ್ತೇನೆ. ಆಂಫೆಟಮೈನ್ ಎಂಬ ಉತ್ತೇಜಕ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ಪಡೆದ ಬಿಳಿ ಇಲಿ ಪೆಟ್ಟಿಗೆಯ ಮೂಲೆಯಲ್ಲಿ ನಿಂತಿರುತ್ತದೆ. "ಟೀಚರ್, ಇಲಿ ಶಾಂತವಾಗಿದೆ" ಎಂದು ಅರ್ಧ ತರಗತಿ ಬರೆದುಕೊಳ್ಳುತ್ತದೆ. ಅದರ ಮೂತಿಯನ್ನು ಯಾರೂ ನೋಡಿರುವುದಿಲ್ಲ.

ಮನೆಯಲ್ಲಿ ಇಲಿ ಹಿಡಿದು ಏನನ್ನೂ ತಿನ್ನಿಸಬೇಡಿ. ಇಂಥ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ ಬೇಕು. ಆಂಫೆಟಮೈನ್ ಅಂತೂ 1985ರ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಯಲ್ಲಿದೆ. ಎಣಿಕೆ ಕಲಿಯಲು ವಿಡಿಯೊ ಧಾರಾಳ ಸಾಕು, ಇನ್ನೊಂದು ಜೀವಕ್ಕೆ ಸೂಜಿ ಚುಚ್ಚುವ ಅಗತ್ಯವಿಲ್ಲ.

ಮೊದಲ ಹೆಜ್ಜೆ: ನೆಲದ ಮೇಲೆ ಚೌಕಗಳಿರುವ ತೆರೆದ ಪೆಟ್ಟಿಗೆಯ ವಿಡಿಯೊ ಆರಿಸಿ. ಇಂಥ ಪೆಟ್ಟಿಗೆಯಲ್ಲಿ ಇಲಿ ಬಿಟ್ಟು ನೋಡುವ ಪರೀಕ್ಷೆಯನ್ನು 1934ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಯಾಲ್ವಿನ್ ಹಾಲ್ ಬಳಕೆಗೆ ತಂದರು. ಮದ್ದಿಲ್ಲದ ಬರೀ ಸಲೈನ್ (ಉಪ್ಪುನೀರು) ಪಡೆದ ಇಲಿಯ ಅಷ್ಟೇ ಉದ್ದದ ವಿಡಿಯೊ ಕೂಡ ಬೇಕೇ ಬೇಕು. ಮೇಲಿನಿಂದ ಮಾತ್ರ ತೆಗೆದ ವಿಡಿಯೊ ನನಗೆ ಒಪ್ಪಿಗೆಯಿಲ್ಲ; ಬದಿಯಿಂದ ನೋಡಿದರೆ ಮಾತ್ರ ಮೂತಿ ಕಾಣಿಸುತ್ತದೆ.

ಎರಡನೆಯದು: ಯಾವ ಇಲಿಗೆ ಏನು ಕೊಟ್ಟಿದ್ದಾರೆಂದು ನಿಮಗೆ ತಿಳಿಯದಂತೆ ಫೈಲುಗಳ ಹೆಸರನ್ನು ಗೆಳೆಯರೊಬ್ಬರಿಂದ ಬದಲಾಯಿಸಿಕೊಳ್ಳಿ; ಯಾವ ಹೆಸರು ಯಾವ ಇಲಿಯದೆಂದು ಬರೆದ ಗುಟ್ಟಿನ ಚೀಟಿ ಅವರ ಬಳಿಯೇ ಇರಲಿ.

ಮೂರನೆಯದು, ಎಲ್ಲರೂ ಎಡವುವ ಜಾಗ: ಏನನ್ನು ಎಣಿಸಬೇಕು? ನಾಲ್ಕೂ ಕಾಲು ಗೆರೆಯಾಚೆ ಹೋದರೆ ಮಾತ್ರ ಒಂದು ದಾಟು. ಮುಂಗಾಲು ಇಟ್ಟು ಹಿಂತೆಗೆದರೆ ಲೆಕ್ಕವಿಲ್ಲ. ಎರಡೂ ಮುಂಗಾಲು ನೆಲ ಬಿಟ್ಟು ಎದ್ದರೆ ಒಂದು ಬಾರಿ ಎದ್ದು ನಿಂತ ಲೆಕ್ಕ. ಆದರೆ ಕುಳಿತು ಮುಖ ಉಜ್ಜಿಕೊಳ್ಳುವಾಗಲೂ ಮುಂಗಾಲು ಮೇಲಿರುತ್ತದೆ, ಅದು ಮೈ ಶುಚಿಮಾಡಿಕೊಳ್ಳುವ ಖಾನೆಗೆ ಹೋಗಬೇಕು. ನಾಲ್ಕನೆಯ ಖಾನೆಯೇ ಮುಖ್ಯ: ನಿಂತಲ್ಲೇ ನಿಂತು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು. ಮೀಸೆ ಅದುರುತ್ತಲೇ ಇರುತ್ತದೆ, ಮೂಗು ಪೆಟ್ಟಿಗೆಯ ಅದೇ ಬಿರುಕನ್ನು ಮೂಸುತ್ತದೆ, ತಲೆ ಮೇಲೆ ಕೆಳಗೆ ಆಡುತ್ತದೆ, ಕೆಲವೊಮ್ಮೆ ಹಲ್ಲು ಏನನ್ನೋ ಕಡಿಯುತ್ತದೆ. ಇದಕ್ಕೆ ಸ್ಟೀರಿಯೊಟಿಪಿ ಎನ್ನುತ್ತಾರೆ. ಇದನ್ನು ಬಾರಿ ಲೆಕ್ಕದಲ್ಲಿ ಎಣಿಸಲಾಗದು, ಎಷ್ಟು ಸೆಕೆಂಡು ನಡೆಯಿತೆಂದು ಬರೆಯಿರಿ.

ಕಾರಣ ಇಷ್ಟು. ಆಂಫೆಟಮೈನ್ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತದೆ. ಪ್ರತಿ ಕಿಲೊ ತೂಕಕ್ಕೆ 1 ಮಿಲಿಗ್ರಾಂನಷ್ಟಾದರೆ ಇಲಿ ಪೆಟ್ಟಿಗೆಯ ತುಂಬ ಓಡಾಡುತ್ತದೆ. 5 ಮಿಲಿಗ್ರಾಂ ದಾಟಿದರೆ ಓಟ ನಿಂತು ಈ ಪುನರಾವರ್ತನೆ ಹಿಡಿದುಕೊಳ್ಳುತ್ತದೆ. ಮದ್ದು ಇಳಿಯುವಾಗ ಮತ್ತೆ ಓಟ. ಹಾಗಾಗಿ ಇಡೀ ವಿಡಿಯೊಕ್ಕೆ ಒಂದೇ ಮೊತ್ತ ಬರೆದರೆ ಕೆಲಸ ಕೆಟ್ಟಿತು. ಐದೈದು ನಿಮಿಷಕ್ಕೆ ಬೇರೆ ಬೇರೆ ಸಾಲು ಮಾಡಿ. ಕೆಫೀನ್ ಕೂಡ ಸ್ವಲ್ಪವಾದರೆ ಓಡಾಟ ಹೆಚ್ಚಿಸಿ, ಅತಿಯಾದರೆ ತಗ್ಗಿಸುತ್ತದೆ.

ಬೆಳಕಿನ ಕಿರಣ ಕಡಿದಾಗ ಎಣಿಸುವ ಯಂತ್ರವನ್ನು ಮಾತ್ರ ನಂಬಿ ಕೂರಬೇಡಿ. ಕಿರಣದ ಎದುರೇ ತಲೆಯಾಡಿಸುತ್ತ ನಿಂತ ಇಲಿಯನ್ನು ಅದು ಓಡಾಡಿದ್ದೆಂದೇ ಲೆಕ್ಕ ಹಿಡಿಯಬಹುದು.

ನಾಲ್ಕನೆಯದು: ಎಣಿಸಲು ಮೊಬೈಲ್ ಆ್ಯಪ್ ಬೇಡ. ಗುಂಡಿ ಹುಡುಕಲು ಕಣ್ಣು ಕೆಳಗಿಳಿದರೆ ಅಷ್ಟರಲ್ಲಿ ಇಲಿ ಎರಡು ಗೆರೆ ದಾಟಿರುತ್ತದೆ. ಅಟ್ಟದಲ್ಲಿರುವ ಚೆನ್ನೆಮಣೆ ಇಳಿಸಿ. ಎಡದ ಕುಳಿ ದಾಟಿಗೆ, ನಡುವಿನದು ಎದ್ದು ನಿಲ್ಲುವುದಕ್ಕೆ, ಬಲದ್ದು ಶುಚಿಗೆ. ಪ್ರತಿ ಬಾರಿ ಒಂದು ಮಂಜೊಟ್ಟಿ ಬೀಜ ಹಾಕಿ. ಇಲ್ಲದಿದ್ದರೆ ಹುಣಸೆಬೀಜವಾದರೂ ಸರಿ. ಬೆರಳಿಗೆ ಕುಳಿ ತಾನಾಗಿ ಸಿಗುವುದರಿಂದ ಕಣ್ಣು ಪರದೆ ಬಿಟ್ಟು ಕದಲುವುದಿಲ್ಲ. ಐದು ನಿಮಿಷಕ್ಕೊಮ್ಮೆ ವಿಡಿಯೊ ನಿಲ್ಲಿಸಿ, ಬೀಜ ಎಣಿಸಿ ಬರೆದು, ಕುಳಿ ಖಾಲಿ ಮಾಡಿ. ಸ್ಟೀರಿಯೊಟಿಪಿಗೆ ಅದೇ ವಿಡಿಯೊವನ್ನು ಮತ್ತೊಮ್ಮೆ ನೋಡಿ ಗಡಿಯಾರ ಹಿಡಿಯಿರಿ. ಎರಡನ್ನೂ ಒಂದೇ ಸಲಕ್ಕೆ ಮುಗಿಸುವ ಅವಸರ ಬೇಡ.

ಕೊನೆಗೆ ಇನ್ನೊಬ್ಬರು ಅದೇ ವಿಡಿಯೊವನ್ನು ನಿಮ್ಮ ಲೆಕ್ಕ ನೋಡದೆ ಎಣಿಸಲಿ. ಇಬ್ಬರ ಅಂಕೆ ದೂರ ದೂರ ಇದ್ದರೆ ಮೂರನೆಯ ಹೆಜ್ಜೆಯ ವಿವರಣೆಗಳನ್ನು ಜೊತೆಗೆ ಕೂತು ಓದಿ, ಮತ್ತೆ ಎಣಿಸಿ. ಹತ್ತಿರ ಬಂದ ಮೇಲೆ ಗೆಳೆಯರ ಚೀಟಿ ಬಿಡಿಸಿ.