ಎಲ್ಲರೂ ಐದು ಡಿಗ್ರಿ ತೆಗಿ ಅಂದರು

ಹೋದ ಭಾನುವಾರ ಗುಂಡ್ಯದಿಂದ ಶಿರಾಡಿ ಘಾಟಿಯನ್ನು ಮೂರನೇ ಗೇರಿನಲ್ಲೇ ಹತ್ತಿಸಿದೆ. ನಾಲ್ಕು ಜನ, ಎಸಿ ಆನ್, ಮಟಮಟ ಮಧ್ಯಾಹ್ನ. ಒಂದು ಸಲವೂ ನಾಕ್ (ಸಿಲಿಂಡರಿನೊಳಗೆ ಪೆಟ್ರೋಲು ತಾನೇ ಸಿಡಿದು ಬಡಿಯುವುದು) ಹೊಡೆಯಲಿಲ್ಲ. "ಎಸ್ಟೀಮ್‌ಗೆ ಟರ್ಬೋ ಹಾಕಿದರೆ ಪಿಸ್ಟನ್ ಅಂಗಡಿಯವನು ಮನೆ ಕಟ್ಟಿಸ್ತಾನೆ" ಅಂದಿದ್ದ ಗೆಳೆಯ ಹಿಂದಿನ ಸೀಟಿನಲ್ಲೇ ಕೂತಿದ್ದ. ಸಕಲೇಶಪುರದಲ್ಲಿ ಕಾಫಿ ಅವನದೇ ಲೆಕ್ಕ.

ಅವನ ಮಾತೂ ಪೂರ್ತಿ ಸುಳ್ಳಲ್ಲ. ಒಂದು ಪಿಸ್ಟನ್ ಹೋಗಿತ್ತು.

ಗಾಡಿ ಮಾರುತಿ ಎಸ್ಟೀಮ್, ಹಳೇ 1.3 ಎಂಪಿಎಫ್‌ಐ ಪೆಟ್ರೋಲ್, 16 ವಾಲ್ವ್. ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಟರ್ಬೋ ಶಿವಾಜಿನಗರದ ಗುಜರಿಯದು, ಯಾವುದೋ ಡೀಸೆಲ್ ಕಾರಿನಿಂದ ಕಳಚಿದ್ದು, 9 ಸಾವಿರ. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಸ್ಪೀಡುಯಿನೋ. ಬೂಸ್ಟ್, ಅಂದರೆ ಟರ್ಬೋ ಸೇರಿಸುವ ಒತ್ತಡ, ಅರ್ಧ ಬಾರ್ (50 ಕೆಪಿಎ). ಹಾಸನದಲ್ಲಿ ಎರಡು ತಿಂಗಳು ಓಡಿಸಿ ಮ್ಯಾಪ್ (ಯಾವ ಒತ್ತಡ, ಯಾವ ಆರ್‌ಪಿಎಂಗೆ ಕಿಡಿ ಯಾವಾಗ ಅನ್ನುವ ಪಟ್ಟಿ) ಮಾಡಿದ್ದೆ, ಬೆಣ್ಣೆಯ ಹಾಗಿತ್ತು. ಮಂಗಳೂರಿಗೆ ಹೋಗಿ ವಾಪಸ್ ಬರುವಾಗ ಘಾಟಿಯಲ್ಲಿ ಡಬ್ಬದೊಳಗೆ ಗೋಲಿ ಅಲ್ಲಾಡಿಸಿದ ಸದ್ದು. ಸುಮ್ನೆ ಕಾಲು ಎತ್ತಿದ್ದರೆ ಉಳಿಯುತ್ತಿತ್ತು. ಮುಂದೆ ಲಾರಿ ಇತ್ತು, ನನಗೆ ಹಟ. ಮೂರನೇ ಪಿಸ್ಟನ್‌ನ ರಿಂಗ್ ಲ್ಯಾಂಡ್ (ರಿಂಗುಗಳ ನಡುವಿನ ಅಂಚು) ಮುರಿಯಿತು. ಟೋಯಿಂಗ್, ಲೇತ್, ಗ್ಯಾಸ್ಕೆಟ್ ಎಲ್ಲ ಸೇರಿ 35-40 ಸಾವಿರ. ಮನೆಯಲ್ಲಿ 12 ಅಂತ ಹೇಳಿದ್ದೇನೆ.

ಎಲ್ಲರದೂ ಒಂದೇ ಸಲಹೆ: ಬೂಸ್ಟ್ ಇರುವ ಕಡೆಯೆಲ್ಲ ಟೈಮಿಂಗ್ ಐದು ಡಿಗ್ರಿ ರಿಟಾರ್ಡ್ ಮಾಡು, ಅಂದರೆ ಕಿಡಿ ಅಷ್ಟು ತಡವಾಗಿ ಹಾರಿಸು. ಮಾಡಿದೆ. ನಾಕ್ ನಿಂತಿತು, ಎಳೆತವೂ ನಿಂತಿತು. ರಾತ್ರಿ ಬಾನೆಟ್ ಎತ್ತಿದರೆ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಕೆಂಡ. ಆಮೇಲೆ ಬಿರುಕು ಬಿಟ್ಟಿತು, ವೆಲ್ಡಿಂಗ್‌ಗೆ 2500. ಮೈಲೇಜ್ 13ರಿಂದ 9ಕ್ಕೆ ಇಳಿಯಿತು.

ಇದರಲ್ಲಿ ನನ್ನ ದಡ್ಡತನವೂ ಇತ್ತು. ಡಯಲ್ ಇರುವ ಟೈಮಿಂಗ್ ಲೈಟ್ (ಕಿಡಿ ಎಷ್ಟು ಡಿಗ್ರಿಗೆ ಹಾರುತ್ತದೆ ಅಂತ ನೋಡುವ ದೀಪ) ವೇಸ್ಟೆಡ್ ಸ್ಪಾರ್ಕಿನಲ್ಲಿ (ಒಂದು ಕಿಡಿ ಸಾಕಾದಲ್ಲಿ ಎರಡು ಹಾರುವ ವ್ಯವಸ್ಥೆ) ಎರಡರಷ್ಟು ತೋರಿಸುತ್ತದೆ. 10ಕ್ಕೆ ಲಾಕ್ ಮಾಡಿದ್ದೆ, 20 ಕಂಡಿತು. ಅದನ್ನು ನಂಬಿ ಟ್ರಿಗರ್ ಆಂಗಲ್ (ಇಂಜಿನ್ ಎಲ್ಲಿ ತಿರುಗಿ ನಿಂತಿದೆ ಅಂತ ಇಸಿಯುಗೆ ಹೇಳುವ ಅಳತೆ) ಬದಲಿಸಿದೆ. ಅಂದರೆ ತೆಗೆದ ಐದರ ಮೇಲೆ ನಾನೇ ಇನ್ನೈದು ತೆಗೆದಿದ್ದೆ! ಡಯಲ್ ಸೊನ್ನೆಗಿಟ್ಟು ಪುಲ್ಲಿಯ ಗುರುತನ್ನೇ ನೋಡಿ.

ಉತ್ತರ ಇದ್ದದ್ದು ಇಸಿಯು ಬರೆದಿಟ್ಟ ಹಳೇ ಲಾಗ್‌ನಲ್ಲಿ. ಹಾಸನದ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೇ 90 ಕೆಪಿಎ, ಅರ್ಧ ಬಾರ್ ಸೇರಿದರೆ 140. ಘಾಟಿಯ ಬುಡದಲ್ಲಿ 150 ಹತ್ತಿರ. ಮ್ಯಾಪಿನ ಆ 150ರ ಸಾಲಿಗೆ ನನ್ನ ಗಾಡಿ ಅದುವರೆಗೆ ಕಾಲೇ ಇಟ್ಟಿರಲಿಲ್ಲ. ನಾನು 140ರದ್ದನ್ನೇ ಅಲ್ಲಿ ನಕಲು ಮಾಡಿ ಬಿಟ್ಟಿದ್ದೆ. ಸೆಕೆ ಬೇರೆ ಜಾಸ್ತಿ.

ತೆಗೆದ ಐದನ್ನೂ ವಾಪಸ್ ಕೊಟ್ಟೆ. 150ರ ಸಾಲಿನಲ್ಲಿ ಮಾತ್ರ, 2800ರಿಂದ 3800 ಆರ್‌ಪಿಎಂ ಒಳಗೆ ತೆಗೆದೆ. 3200ರಲ್ಲಿ 17 ಇದ್ದದ್ದು 13 ಆಯಿತು. 4500 ದಾಟಿದ ಮೇಲೆ ಮತ್ತೆ 19-20. ಒಳಗೆ ಹೋಗುವ ಗಾಳಿ 45 ಡಿಗ್ರಿ ದಾಟಿದರೆ ಪ್ರತಿ ಆರೇಳು ಡಿಗ್ರಿ ಬಿಸಿಗೆ ಒಂದು ಡಿಗ್ರಿ ಟೈಮಿಂಗ್ ಕಡಿತ. ಪ್ಲಗ್ ಒಂದು ನಂಬರ್ ಕೋಲ್ಡ್ (ಬಿಸಿ ಬೇಗ ಬಿಟ್ಟುಕೊಡುವುದು), ಗ್ಯಾಪ್ 0.7 ಎಂಎಂ. ನಾಕ್ ಕೇಳುವುದಕ್ಕೆ ಚಪ್ಪಟೆ ಮಾಡಿದ ತಾಮ್ರದ ಪೈಪನ್ನು ಬ್ಲಾಕಿಗೆ ಬೋಲ್ಟ್ ಮಾಡಿ, ಅಲ್ಲಿಂದ ಕಿವಿಗೆ ಹೋಸ್. 74 ಎಂಎಂ ಬೋರಿಗೆ (ಸಿಲಿಂಡರಿನ ಅಗಲ) ನಾಕ್ ಸದ್ದು 7.7 ಕಿಲೋಹರ್ಟ್ಸ್ ಅಂತ ಸೆನ್ಸರ್ ಕೂಡ ಕೂರಿಸಿದ್ದೇನೆ. ಆದರೂ ನನ್ನ ನಂಬಿಕೆ ಪೈಪಿನ ಮೇಲೆ. ಬೂಸ್ಟ್ ಏರುವ ಗಳಿಗೆಯಲ್ಲಿ ಇನ್ನೊಂದು ಕೆಲಸ ಮಾಡಿದ್ದೇನೆ, ಅದನ್ನು ಹೇಳುವುದಿಲ್ಲ. ಅದಕ್ಕೇ ಮೂರು ವಾರ ಹೋಗಿದೆ.

ನಡುವೆ ಒಳಗೆ ಹೋಗುವ ಗಾಳಿಗೆ ನೀರು ಚಿಮ್ಮಿಸುವ ಹುಚ್ಚೂ ಹತ್ತಿತ್ತು. ತೋಟಕ್ಕೆ ಔಷಧಿ ಹೊಡೆಯುವ 12 ವೋಲ್ಟ್ ಪಂಪು, ನರ್ಸರಿಯ ಫಾಗರ್ ನಾಜಲ್. ಗಾಳಿ 15 ಡಿಗ್ರಿಯಷ್ಟು ತಣ್ಣಗಾಯಿತು, ಟೈಮಿಂಗ್ ಎರಡು ಡಿಗ್ರಿ ಮುಂದೆ ಹೋಯಿತು. ಒಂದು ದಿನ ಅರ್ಧ ಘಾಟಿಯಲ್ಲಿ ನೀರು ಖಾಲಿ, ಮತ್ತೆ ಗೋಲಿ ಸದ್ದು. ಅವತ್ತೇ ಕಿತ್ತು ಹಾಕಿದೆ. ಆಗ ಲೀಟರಿಗೆ 160 ರೂಪಾಯಿ ಇದ್ದ, ನಾಕ್ ತಡೆಯುವ 100 ಆಕ್ಟೇನ್ ಪೆಟ್ರೋಲಿನಲ್ಲೂ ಸಿಕ್ಕಿದ್ದು ಅಷ್ಟೇ ಎರಡು ಡಿಗ್ರಿ. ಒಂದು ಟ್ಯಾಂಕಿಗೇ ಸಾಕಾಯಿತು.

ಈಗ ಮೈಲೇಜ್ ಹನ್ನೆರಡೂವರೆ. ಪಿಸ್ಟನ್ ಮುರಿದಾಗ ಸೆಟ್ಟಾಗಿಯೇ ಕೊಡುವುದು ಅಂತ ಅಂಗಡಿಯವನು ನಾಲ್ಕೂ ಪಿಸ್ಟನ್ ಕಟ್ಟಿಕೊಟ್ಟಿದ್ದ. ಮೂರು ಅಟ್ಟದ ಮೇಲಿವೆ. ಗೆಳೆಯ ಮಾರಿಬಿಡು ಅಂತಾನೆ. ಮುಂದಿನ ತಿಂಗಳು 0.7 ಬಾರ್ ನೋಡುವುದಿದೆ, ಇರಲಿ.