ಬಿದ್ದ ಮರ ಕಾಣಿಸಿತು, ಕಟ್ಟಿಕೊಂಡ ಮೋರಿ ಕಾಣಿಸಲಿಲ್ಲ

ಬಿರುಗಾಳಿ ಬೀಸಿದ್ದು ಒಂದೇ ರಾತ್ರಿ. ಸರೋವರದ ದಂಡೆಯಲ್ಲಿರುವ ಆ ಕ್ಯಾಂಪಿನ ಗೇಟು ಮತ್ತೆ ತೆರೆಯಲು ನಮಗೆ 19 ದಿನ ಹಿಡಿಯಿತು. ಅದರಲ್ಲಿ 6 ದಿನ ಗಾಳಿಯ ಲೆಕ್ಕಕ್ಕೆ ಸೇರುವುದಲ್ಲ, ನನ್ನ ಲೆಕ್ಕಕ್ಕೆ ಸೇರುವುದು. ಅದನ್ನೂ ಹೇಳುತ್ತೇನೆ.

ಟಾರು ರಸ್ತೆ ಬಿಟ್ಟ ಮೇಲೆ ಕಾಡಿನೊಳಗೆ 6 ಕಿಲೋಮೀಟರ್ ಮಣ್ಣಿನ ದಾರಿ. ಗುಡ್ಡದ ಮಗ್ಗುಲಲ್ಲೇ ಸಾಗುತ್ತದೆ. ಮೂರು ಕಡೆ ತೊರೆ ದಾಟುತ್ತದೆ, ಮೂರೂ ಕಡೆ ರಸ್ತೆಯಡಿ ಪೈಪು ಹಾಕಿದ ಮೋರಿ. ದಾರಿ ಮುಗಿಯುವಲ್ಲಿ 22 ಟೆಂಟ್ ಜಾಗ, ದೋಣಿ ನಿಲ್ಲಿಸುವ ಒಂದು ತೇಲುಗಟ್ಟೆ, ಎರಡು ಗುಂಡಿ ಶೌಚಾಲಯ, ಒಂದು ಕೈಪಂಪು, ಒಂದು ಸಣ್ಣ ಆಫೀಸು ಕೊಠಡಿ. ಮೊಬೈಲ್ ಸಿಗ್ನಲ್ ಇಲ್ಲ. ಆ ರಾತ್ರಿ ಯಾರೂ ತಂಗಿರಲಿಲ್ಲ, ಅದೊಂದು ಪುಣ್ಯ.

ಮೊದಲ ದಿನ ಗರಗಸ ಮುಟ್ಟಲೇ ಇಲ್ಲ. ನಾವಿದ್ದದ್ದು ಆರು ಜನ. ಹುಡುಗರಿಗೆ ಕೈ ತುರಿಸುತ್ತಿತ್ತು. ಆದರೂ ನಾನು, ನಮ್ಮ ತಂಡದ ಹಿರಿಯರು ಇಬ್ಬರೇ ಸ್ಪ್ರೇ ಬಣ್ಣದ ಎರಡು ಡಬ್ಬಿ, ಒಂದು ನೋಟುಪುಸ್ತಕ ಹಿಡಿದು ಪೂರ್ತಿ ದಾರಿ ನಡೆದೆವು. ಎಲ್ಲಿ ಬಿದ್ದಿದೆಯೋ ಅಲ್ಲಿ ಹತ್ತಿ, ಎಲ್ಲಿ ಹತ್ತಲಾಗದೋ ಅಲ್ಲಿ ಸುತ್ತಿ. ಅಡ್ಡ ಬಿದ್ದ ಮರ 83. ನೆಲಕ್ಕೆ ಪೂರ್ತಿ ಮೈಚಾಚಿ ಮಲಗಿದ್ದಕ್ಕೆ ಬಿಳಿ ಗುರುತು, ಬಾಗಿ, ಒರಗಿ, ಒಂದರ ಮೇಲೊಂದು ಹೇರಿಕೊಂಡು ಬಿಗಿದುಕೊಂಡಿದ್ದಕ್ಕೆ ಕೆಂಪು. ಕೆಂಪು ಗುರುತಿನ ಮರದ ಹತ್ತಿರ ಒಬ್ಬನೇ ಹೋಗುವಂತಿಲ್ಲ. ಮೋರಿಗಳ ಬಗ್ಗೆ ನಾನು ಬರೆದುಕೊಂಡದ್ದು ಒಂದೇ ಸಾಲು: ‘ಮೂರೂ ಹರಿಯುತ್ತಿವೆ.’ ಆ ಸಾಲು ಇನ್ನೂ ಆ ಪುಸ್ತಕದಲ್ಲಿದೆ, ನೋಡಿದಾಗಲೆಲ್ಲ ಮುಖ ಬಿಸಿಯಾಗುತ್ತದೆ.

ಆಫೀಸು ಕೊಠಡಿಯ ಹತ್ತಿರ ಕರೆಂಟಿನ ತಂತಿ ಪೊದೆಯ ಮೇಲೆ ಬಿದ್ದಿತ್ತು. ಲೈನು ಹೋಗಿದೆ, ಅದರಲ್ಲೇನೂ ಇಲ್ಲ ಅಂದ ಒಬ್ಬ. ಎಲ್ಲೋ ಯಾರೋ ಜನರೇಟರ್ ಹಚ್ಚಿ ಅದನ್ನು ಮನೆಯ ವೈರಿಂಗಿಗೆ ತಪ್ಪಾಗಿ ಕೊಟ್ಟಿದ್ದರೂ ಸಾಕು, ಸತ್ತ ತಂತಿಗೆ ಜೀವ ಬಂದಿರುತ್ತದೆ. ಲೈನಿನವರು ಬಂದು ಎರಡೂ ಕಡೆ ಅರ್ಥ್ ಮಾಡುವವರೆಗೆ ಆ ಮೂಲೆಗೆ ಟೇಪು ಕಟ್ಟಿ ಬಿಟ್ಟೆವು.

ಎರಡನೇ ದಿನದಿಂದ ಕೊಯ್ತ. ನಿಂತ ಮರ ಕಡಿಯುವುದಕ್ಕಿಂತ ಗಾಳಿಗೆ ಬಿದ್ದ ಮರ ಕೊಯ್ಯುವುದು ಕಷ್ಟ. ನಿಂತ ಮರ ಎತ್ತ ಬೀಳುತ್ತದೆ ಅನ್ನುವುದಕ್ಕೆ ಒಂದು ಅಂದಾಜಿರುತ್ತದೆ. ಬಿದ್ದ ಮರದೊಳಗೆ ಬಿಗಿತ ಅಡಗಿ ಕೂತಿರುತ್ತದೆ, ಗರಗಸ ತಾಗುವವರೆಗೂ ಸುಮ್ಮನಿರುತ್ತದೆ. ಹಿರಿಯರು ಪ್ರತಿ ಮರದ ಮುಂದೆಯೂ ಹುಡುಗರನ್ನು ನಿಲ್ಲಿಸಿ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಯಾವ ಮೈ ಅದುಮಿಕೊಂಡಿದೆ, ಯಾವ ಮೈ ಸೆಳೀತಿದೆ? ಹೇಳು, ಆಮೇಲೆ ಮಿಷನ್ ಹಚ್ಚು.’ ದಿಮ್ಮಿಯ ಎರಡೂ ತುದಿ ಆಸರೆ ಮೇಲಿದ್ದು ನಡು ತೂಗುತ್ತಿದ್ದರೆ ಮೇಲ್ಮೈ ಅದುಮಿಕೊಂಡಿರುತ್ತದೆ, ಕೆಳಮೈ ಸೆಳೆಯುತ್ತಿರುತ್ತದೆ. ಮೊದಲು ಮೇಲಿಂದ ಮೂರರಲ್ಲೊಂದು ಪಾಲು, ಆಮೇಲೆ ಕೆಳಗಿಂದ ಮೇಲಕ್ಕೆ. ಒಂದೇ ತುದಿ ಆಸರೆಯಲ್ಲಿದ್ದು ಇನ್ನೊಂದು ಗಾಳಿಯಲ್ಲಿದ್ದರೆ ಪೂರ್ತಿ ಉಲ್ಟಾ. ಅದುಮಿದ ಮೈಯನ್ನು ಆಳಕ್ಕೆ ಕೊಯ್ದರೆ ಸೀಳು ಮುಚ್ಚಿಕೊಂಡು ಗರಗಸವನ್ನು ಕಚ್ಚಿ ಹಿಡಿಯುತ್ತದೆ. ಸೆಳೆಯುವ ಮೈಯನ್ನೇ ಮೊದಲು ಕೊಯ್ದರೆ ಮರ ಉದ್ದಕ್ಕೆ ಸೀಳಿ ಮುಖಕ್ಕೆ ಬರುತ್ತದೆ. ಪಕ್ಕಕ್ಕೆ ಬಿಲ್ಲಿನಂತೆ ಬಾಗಿದ್ದರೆ ನಿಲ್ಲಬೇಕಾದ್ದು ಬಾಗಿನ ಒಳಗಡೆ, ಯಾಕೆಂದರೆ ಬಿಟ್ಟುಕೊಂಡಾಗ ಅದು ಚಿಮ್ಮುವುದು ಹೊರಗಡೆಗೆ.

ದೊಡ್ಡ ಮರಕ್ಕೆ ಎಲ್ಲರೂ ಹೆದರುತ್ತಾರೆ. ನನಗೆ ಹೆದರಿಕೆ ತೊಡೆಗಾತ್ರದ ಎಳೆ ಮರಗಳದ್ದು. ದೊಡ್ಡದೊಂದು ಬೀಳುವಾಗ ಇವನ್ನು ತುದಿಯಲ್ಲಿ ಅದುಮಿ ನೆಲಕ್ಕೆ ಬಗ್ಗಿಸಿರುತ್ತದೆ. ಬುಡ ಮಣ್ಣಿನಲ್ಲಿ, ತುದಿ ದಿಮ್ಮಿಯಡಿ, ನಡುವೆ ಕಮಾನು. ಮೂರನೇ ದಿನ ಅಂಥದ್ದೊಂದು ಸೊಪ್ಪಿನ ರಾಶಿಯೊಳಗೆ ಮುಚ್ಚಿಹೋಗಿತ್ತು. ನಾನು ಮೇಲಿನ ಕೊಂಬೆ ಸವರುತ್ತಿದ್ದವನು ಸೊಪ್ಪಿನ ನಡುವೆ ಬಿಳಿಚಿಕೊಂಡ ತೊಗಟೆಯ ಒಂದು ಗೇಣು ಕಂಡು ನಿಂತೆ. ತೊಗಟೆ ಸೀಳಿ ನಾರು ಎದ್ದಿತ್ತು, ಅಷ್ಟು ಬಿಗಿ. ಗರಗಸದ ಮೂಗು ಅದರಿಂದ ಎರಡು ಬೆರಳು ದೂರ. ಮಿಷನ್ ಆರಿಸಿ, ಸೊಪ್ಪೆಲ್ಲ ಕೈಯಿಂದ ಎಳೆದು ಹಾಕಿ, ಬಾಗಿನ ಒಳಮೈಯನ್ನು ಪಕ್ಕದಿಂದ ನಿಂತು ಹೆರೆಯುತ್ತಾ ಹೋದೆ. ಕೊಯ್ಯುವುದಲ್ಲ, ಹೆರೆಯುವುದು, ಸೌತೆಸಿಪ್ಪೆ ತೆಗೆದಂತೆ. ಒಳಮೈ ತೆಳ್ಳಗಾದಂತೆ ಮರ ತಾನೇ ನರಳುತ್ತಾ ಮಡಿಚಿಕೊಂಡಿತು, ಬಿಗಿತ ಇಳಿಯಿತು. ಒಂದೇಟಿಗೆ ಕೊಯ್ದಿದ್ದರೆ ಅದು ನನ್ನ ದವಡೆಯ ಎತ್ತರದಲ್ಲಿ ಹಾದುಹೋಗುತ್ತಿತ್ತು.

ಬೇರುಸಮೇತ ಮಗುಚಿದ ಮರಗಳದ್ದು ಬೇರೆ ಕಥೆ. ಬೇರಿನ ಚಕ್ಕೆ ಮಣ್ಣು ಕಚ್ಚಿಕೊಂಡು ಗೋಡೆಯಂತೆ ನಿಂತಿರುತ್ತದೆ, ಅದನ್ನು ಹಾಗೆ ಹಿಡಿದಿರುವುದು ಮಲಗಿದ ಕಾಂಡದ ಭಾರ. ಕಾಂಡ ಕೊಯ್ದು ಬೇರ್ಪಟ್ಟ ಕ್ಷಣ ಚಕ್ಕೆ ದಢಾರನೆ ಹಿಂದಿನ ಗುಂಡಿಗೆ ಕುಳಿತುಕೊಳ್ಳಬಹುದು, ಅಪರೂಪಕ್ಕೆ ಮುಂದಕ್ಕೂ ಕವುಚಬಹುದು. ಆ ಗುಂಡಿಯೊಳಗೆ ಯಾರೂ ಇಳಿದಿಲ್ಲ ಅಂತ ಕಣ್ಣಾರೆ ನೋಡದೆ ಕೊಯ್ಯಬಾರದು. ಮಳೆ ಬಂದರೆ ಕೂರಲು ಅದಕ್ಕಿಂತ ಒಳ್ಳೆಯ ಜಾಗ ಕಾಣಿಸುವುದಿಲ್ಲ, ಅದೇ ಅಪಾಯ.

ಕೊಯ್ದ ತುಂಡು ಸರಿಸುವುದೂ ಸುಲಭದ್ದಲ್ಲ. 50 ಸೆಂಟಿಮೀಟರ್ ದಪ್ಪ, 4 ಮೀಟರ್ ಉದ್ದದ ಹಸಿ ದಿಮ್ಮಿ ಸುಮಾರು 700 ಕಿಲೋ ತೂಗುತ್ತದೆ. ಸನ್ನೆಗೋಲು ಹಾಕಿ ಉರುಳಿಸಿದ್ದು ಕೆಲವು, ಪಿಕಪ್ಪಿನ ವಿಂಚಿಗೆ, ಅಂದರೆ ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರಕ್ಕೆ, ಕಟ್ಟಿ ಎಳೆದದ್ದು ಬಹಳ. ಎಳೆತದ ದಿಕ್ಕು ತಿರುಗಿಸಲು ರಾಟೆ ಹಾಕಿದಾಗ ಹಗ್ಗ ಒಂದು ಮೂಲೆ ಮಾಡುತ್ತದಲ್ಲ, ಆ ಮೂಲೆಯ ಒಳಗೆ ಯಾರೂ ನಿಲ್ಲಕೂಡದು. ಹಗ್ಗ ಬಂದ ದಾರಿಗೇ ಪೂರ್ತಿ ತಿರುಗಿದರೆ ರಾಟೆ ಕಟ್ಟಿದ ಮರದ ಮೇಲೆ ಬೀಳುವ ಜಗ್ಗು ವಿಂಚಿನ ಎರಡರಷ್ಟು. ಹಾಗಾಗಿ ಬೇರು ಅಲುಗಿದ ಮರಕ್ಕೆ ರಾಟೆ ಕಟ್ಟಿದರೆ ಬರುವುದು ದಿಮ್ಮಿಯಲ್ಲ, ಆ ಮರವೇ.

ಗರಗಸದ ಚೈನಿನ ಬಗ್ಗೆಯೂ ಒಂದು ಮಾತು. ಗಾಳಿಗೆ ಉರುಳಿದ ಮರದ ತೊಗಟೆಯಲ್ಲೆಲ್ಲ ಮಣ್ಣು, ಸಣ್ಣ ಕಲ್ಲು. ಚೂರು ಬರುವ ಬದಲು ಹಿಟ್ಟು ಬರತೊಡಗಿತೋ, ಹಲ್ಲು ಮೊಂಡಾಯಿತು ಅಂತ ಲೆಕ್ಕ. ಮೊಂಡಾದದ್ದನ್ನು ಒತ್ತಿ ಕೊಯ್ಯಲು ಹೋದಾಗಲೇ ಕೈ ಸೋಲುವುದು, ಮೂಗು ಎಲ್ಲೋ ತಾಗಿ ಹಿಮ್ಮುಖ ಹಾರುವುದು. ಪೂರ್ತಿ ವೇಗದಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತಿರುತ್ತದೆ, ಕಣ್ಣು ಮಿಟುಕಿಸಲೂ ಹೊತ್ತಿಲ್ಲ. ಟ್ಯಾಂಕು ತುಂಬಿಸಿದಾಗಲೆಲ್ಲ ಪ್ರತಿ ಹಲ್ಲಿಗೂ ಅರದಿಂದ ಎರಡು ಎಳೆ, ಇದು ನಮ್ಮ ನಿಯಮ. ತಡ ಅನ್ನಿಸುತ್ತದೆ, ತಡವಲ್ಲ.

ಏಳನೇ ದಿನ ಸಂಜೆ ಪಿಕಪ್ ಕ್ಯಾಂಪಿನ ಅಂಗಳದಲ್ಲಿತ್ತು. ಕೇಕೆ ಹಾಕಿದೆವು. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಈಗ ನನ್ನ ತಪ್ಪು. 83 ಮರದ ರೆಂಬೆ, ಸೊಪ್ಪು ಎಲ್ಲಿ ಹಾಕುವುದು? ಗುಡ್ಡದ ಕಡೆಯ ಚರಂಡಿ ಕೈಗೆ ಹತ್ತಿರ, ತಗ್ಗು ಬೇರೆ. ‘ಅಲ್ಲಿಗೇ ತಳ್ಳಿ, ಆಮೇಲೆ ನೋಡೋಣ’ ಅಂದವನು ನಾನೇ. ಹಿರಿಯರು ಒಮ್ಮೆ ಕೆಳಗಿನ ಇಳಿಜಾರಿನ ಕಡೆ ಕೈ ತೋರಿಸಿದ್ದರು. ದಾರಿ ಬಿಡಿಸುವ ಅವಸರದಲ್ಲಿ ನಾನು ಕೇಳಿಸಿಕೊಳ್ಳಲಿಲ್ಲ. ಅದೇ ರಾತ್ರಿ ಮಳೆ. ದೊಡ್ಡದೇನಲ್ಲ. ಬಿರುಗಾಳಿಯ ಮಳೆಯನ್ನೇ ತಡೆದುಕೊಂಡಿದ್ದ ಎರಡನೇ ಮೋರಿ ಈ ಸಣ್ಣ ಮಳೆಗೆ ಸೋತಿತು. ಚರಂಡಿಯ ಸೊಪ್ಪೆಲ್ಲ ತೇಲಿಬಂದು 60 ಸೆಂಟಿಮೀಟರ್ ಪೈಪಿನ ಬಾಯಿಗೆ ಬುಟ್ಟಿ ಹೆಣೆದಂತೆ ಹೆಣೆದುಕೊಂಡಿತ್ತು.

ಬೆಳಿಗ್ಗೆ ಹೋಗಿ ನೋಡಿದರೆ ರಸ್ತೆಯ ಮೇಲ್ಗಡೆ ಒಂದು ಹೊಸ ಕೆರೆ. ನೀರು ರಸ್ತೆಯ ಮೇಲೆ ಹರಿದು ಕೆಳಗಿನ ಅಂಚು ಕೊರೆದು ಅರ್ಧ ಅಗಲ ತಿಂದಿತ್ತು. ಪಿಕಪ್ ಕ್ಯಾಂಪಿನ ಕಡೆ, ನಮ್ಮ ಡೀಸೆಲ್, ಸಾಮಾನು ಟಾರು ರಸ್ತೆ ಕಡೆ.

ಕಿರಿಯ ಹುಡುಗ ಪ್ಯಾಂಟು ಮಡಚಿ ನೀರಿಗಿಳಿಯಲು ಹೊರಟ. ಸೊಂಟದ ಆಳ, ನಿಂತ ನೀರು, ಏನೂ ಆಗದಂತೆ ಕಾಣುತ್ತಿತ್ತು. ಹಿರಿಯರು ಅಂಗಿ ಹಿಡಿದು ಜಗ್ಗಿದರು.

‘ಎಲ್ಲಿಗೋ?’

‘ಸೊಪ್ಪು ಎಳೀತೀನಿ ಅಣ್ಣ, ಬಾಯಿ ಹತ್ತಿರಾನೇ ಇದೆ.’

‘ಅದು ಬಿಟ್ಟುಕೊಂಡ ಕ್ಷಣ ನೀನೂ ಪೈಪಿನೊಳಗೆ ಹೋಗ್ತೀಯ. ಮೇಲೆ ಬಾ.’

ರಸ್ತೆಯ ಏರಿಯೂ ನೀರು ಕುಡಿದು ಮೆತ್ತಗಾಗಿತ್ತು, ಪೈಪಿನ ನೆತ್ತಿಯ ಮೇಲೆ ನಿಲ್ಲುವಂತಿರಲಿಲ್ಲ. ಪಕ್ಕದ ಗಟ್ಟಿ ದಂಡೆಯಿಂದ ಉದ್ದ ಗಳಕ್ಕೆ ಕೊಕ್ಕೆ ಕಟ್ಟಿ, ಒಂದೊಂದೇ ಕೊಂಬೆ ಎಳೆದೆವು. ಎರಡು ತಾಸು ಏನೂ ಆಗಲಿಲ್ಲ. ಆಮೇಲೆ ನೀರಿನ ಮೇಲೆ ತಟ್ಟೆಯಗಲದ ಒಂದು ಸುಳಿ ಎದ್ದಿತು, ಗೊಳಗೊಳ ಸದ್ದು, ಕೊಕ್ಕೆಯ ಗಳ ಕೈಯಿಂದ ಕಿತ್ತುಕೊಂಡು ಹೋಯಿತು. ಮೂರು ಮೀಟರ್ ಉದ್ದದ ಗಳ ಪೈಪಿನ ಆಚೆ ಬಾಯಿಂದ ಹೊರಬಿದ್ದಾಗ ಎರಡು ತುಂಡಾಗಿತ್ತು. ಹುಡುಗ ಆ ತುಂಡುಗಳನ್ನೇ ನೋಡುತ್ತಾ ನಿಂತ. ಯಾರೂ ಏನೂ ಅನ್ನಲಿಲ್ಲ.

ನೀರು ಇಳಿದ ಮೇಲೆ ಮೋರಿ ಪೂರ್ತಿ ಬಿಚ್ಚಿದೆವು. ಹೇಗೂ ಅಗೆಯುವುದೇ ಆದರೆ ಹಳೇ ಪೈಪೇ ಯಾಕೆ ಅಂತ 90 ಸೆಂಟಿಮೀಟರಿನದ್ದು ತರಿಸಿದೆ. ಅಡ್ಡಳತೆ ಒಂದೂವರೆ ಪಟ್ಟು ಆದರೆ ಬಾಯಿಯ ವಿಸ್ತಾರ ಎರಡೂಕಾಲು ಪಟ್ಟು, ತೇಲಿಬರುವ ಕೊಂಬೆಗೂ ದಾರಿ ಸಿಗುತ್ತದೆ. ಗಟ್ಟಿ ಮಣ್ಣು ಸಿಗುವವರೆಗೆ ಅಗೆದು, ತೊರೆಯ ತಳಕ್ಕೆ ಸಮವಾಗಿ, ಸ್ವಲ್ಪ ಇಳಿಜಾರು ಕೊಟ್ಟು ಕೂರಿಸಿದೆವು. ಎರಡೂ ಮಗ್ಗುಲಿಗೆ ಒಂದು ಗೇಣಿಗಿಂತ ದಪ್ಪವಿಲ್ಲದಂತೆ ಮಣ್ಣು ಹಾಕುತ್ತಾ, ಪ್ರತಿ ಪದರವನ್ನೂ ದಮ್ಮಸು ಮಾಡುತ್ತಾ ಮೇಲೆ ಬಂದೆವು. ಪೈಪಿನ ಸೊಂಟದಡಿಯ ಸಂದಿಗೆ ಮಣ್ಣನ್ನು ಗುದ್ದಿ ತುಂಬಿಸುವುದೇ ಇದರಲ್ಲಿ ಬೇಸರದ ಕೆಲಸ, ಅದು ಪೊಳ್ಳಾಗಿ ಉಳಿದರೆ ನೀರು ಪೈಪಿನ ಹೊರಮೈ ಹಿಡಿದು ಹರಿದು ಎಲ್ಲವನ್ನೂ ಕೊಚ್ಚುತ್ತದೆ. ನೀರು ಬೀಳುವ ಬಾಯಿಗೆ ದಪ್ಪ ಕಲ್ಲು ಹಾಸಿದೆವು. ಮೋರಿಗೆ ಮೊದಲೇ ರಸ್ತೆಗೆ ಓರೆಯಾಗಿ ಎರಡು ಅಡ್ಡಗಾಲುವೆ ತೆಗೆದು, ಮೇಲಿನ ನೀರು ಅಲ್ಲಲ್ಲೇ ಕೆಳಗಿಳಿಯುವಂತೆ ಮಾಡಿದೆವು. ಉಳಿದ ಎರಡು ಮೋರಿಗಳ ಬಾಯಿ ಬಿಡಿಸಿದೆವು. ಚರಂಡಿಯ ಸೊಪ್ಪನ್ನೆಲ್ಲ ಎತ್ತಿ ಹಿರಿಯರು ಮೊದಲೇ ತೋರಿಸಿದ್ದ ಇಳಿಜಾರಿಗೆ ಹಾಕಿದೆವು. ಆ 6 ದಿನಗಳ ಲೆಕ್ಕ ಇದು.

ಇದಾದ ಮೇಲೆ ಕ್ಯಾಂಪಿನ ಕೆಲಸ ಹೂವೆತ್ತಿದಂತೆ ಅನ್ನಿಸಿತು. ಅಲ್ಲಿ ಕೆಲಸವೆಲ್ಲ ಕತ್ತೆತ್ತಿ. ಮುರಿದು ಮೇಲೆ ಸಿಕ್ಕಿಕೊಂಡ ಕೊಂಬೆ ಯಾವ ಗಾಳಿಗೆ ಇಳಿಯುತ್ತದೆ ಹೇಳಲಾಗದು. ಪ್ರತಿ ಟೆಂಟ್ ಜಾಗದ ಸುತ್ತಲ ಮರವನ್ನೂ ಕೊಡಲಿಯ ಬೆನ್ನಿನಿಂದ ತಟ್ಟಿ ಕೇಳಿದೆವು, ಗಟ್ಟಿ ಮರ ಕುಟ್ಟಿದಂತೆ ಕೇಳುತ್ತದೆ, ಟೊಳ್ಳು ಮರ ಡೋಲಿನಂತೆ. ಉರುಳಿದ ಪೈನ್ ಕಾಂಡಗಳನ್ನು ಅಲ್ಲೇ ಬಿಡಲಿಲ್ಲ, ಹಸಿ ತೊಗಟೆಯಡಿ ಮರಿ ಮಾಡುವ ದುಂಬಿಗಳು ಆಮೇಲೆ ನಿಂತ ಮರಗಳಿಗೂ ಹತ್ತುತ್ತವೆ. ನೀರಿಗೆ ಬಿದ್ದವುಗಳಲ್ಲಿ ದೋಣಿಯ ದಾರಿಗೆ ಅಡ್ಡವಿದ್ದವನ್ನು ಮಾತ್ರ ತೆಗೆದು ಉಳಿದವನ್ನು ಮೀನುಗಳಿಗೆ ಬಿಟ್ಟೆವು. ತೇಲುಗಟ್ಟೆ ಲಂಗರು ಕಿತ್ತುಕೊಂಡು ಆಚೆ ಕೊಲ್ಲಿಯಲ್ಲಿ ಕೂತಿತ್ತು, ದೋಣಿಯಿಂದ ಎಳೆದು ತಂದು ಬೋಲ್ಟುಗಳನ್ನು ಬದಲಿಸಿದೆವು.

ಕೈಪಂಪು ಮಾತ್ರ ಸತಾಯಿಸಿತು. ಸರೋವರದ ನೀರು ಏರಿ ಬಾವಿಯ ಮುಚ್ಚಳ ಮುಳುಗಿತ್ತು. ಕ್ಲೋರಿನ್ ಹಾಕಿ ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವವರೆಗೆ ಹೊಡೆದು, ಆ ನೀರು ಸರೋವರಕ್ಕೆ ಸೇರದಂತೆ ದೂರ ಬಿಟ್ಟೆವು. ಮೊದಲ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬಂತು. ಮುಚ್ಚಳದ ಸೀಲು ಬದಲಿಸಿ ಮತ್ತೆ ಅದೇ ಸುತ್ತು. ಎರಡನೇ ವರದಿ ಸರಿಬರುವವರೆಗೆ ಹಿಡಿಕೆ ಬಿಚ್ಚಿ ಆಫೀಸಿನಲ್ಲಿಟ್ಟಿದ್ದೆ. ಬೋರ್ಡು ಓದದವರು ಇದ್ದೇ ಇರುತ್ತಾರೆ, ಹಿಡಿಕೆ ಇಲ್ಲದ ಪಂಪು ಯಾರೂ ಹೊಡೆಯಲಾರರು.

ಗೇಟು ತೆರೆದ ದಿನ 22 ಜಾಗಗಳಲ್ಲಿ 20 ಮಾತ್ರ ಕೊಟ್ಟೆವು. ಉಳಿದೆರಡರ ನಡುವೆ ಒಂದು ದೊಡ್ಡ ಮರ, ನೋಡಲು ನೆಟ್ಟಗಿದೆ, ಎಲೆ ಹಸಿರಾಗಿದೆ, ತಟ್ಟಿದರೆ ಗಟ್ಟಿ ಸದ್ದು. ಯಾಕೆ ಮುಚ್ಚಿದ್ದೀರಿ ಅಂತ ಬಂದವರು ಕೇಳುತ್ತಿದ್ದರು. ಒಬ್ಬರನ್ನು ಟೇಪಿನ ಒಳಗೆ ಕರೆದುಕೊಂಡು ಹೋಗಿ ಗಾಳಿ ಬರುವ ಕಡೆಯ ಬುಡದ ಹತ್ತಿರ ಅಂಗೈ ಊರಿಸಿದೆ. ಸರೋವರದ ಕಡೆಯಿಂದ ಸಣ್ಣಗೆ ಗಾಳಿ ಬಂತು. ಕೈಯಡಿ ನೆಲ ಒಂದು ಬೆರಳಿನಷ್ಟು ಏರಿ, ಮತ್ತೆ ಇಳಿಯಿತು. ಅವರು ಕೈ ತೆಗೆದು ನನಗಿಂತ ಮೊದಲೇ ಟೇಪಿನ ಆಚೆ ಇದ್ದರು.